ಓಲ್ಡ್-ಫ್ಯಾಶನ್ಡ್: ಸಿಲಬಲ್ ಎಷ್ಟು, ಬಲ ಎಲ್ಲಿ?

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ಮನೆಯಲ್ಲಿ ತುಳು, ಹವ್ಯಕ, ಮಲಯಾಳ, ಮರಾಟಿ ಆಡುವ ಮಕ್ಕಳು ಒಂದೇ ಬೆಂಚಿನಲ್ಲಿರುತ್ತಾರೆ. ಇಂಗ್ಲಿಷ್ ಪದದ ಸಿಲಬಲ್, ಅಂದರೆ ಒಂದು ಸ್ವರದ ಸುತ್ತ ಒಟ್ಟಿಗೆ ಉಚ್ಚರಿಸುವ ತುಣುಕು, ಬಿಡಿಸಿ ಅಂದರೆ ಎಲ್ಲರೂ ಕನ್ನಡದ ಅಕ್ಷರವನ್ನೇ ಎಣಿಸುವುದು. ಎರಡು ಪದ ಕೂಡಿ ಆದ ಗುಣವಾಚಕ ‘ಓಲ್ಡ್-ಫ್ಯಾಶನ್ಡ್’ ಕೊಟ್ಟರೆ ಓ, ಲ್ಡ್, ಫ್ಯಾ, ಶ, ನ್ಡ್ ಎಂದು ಐದು!

ನನಗೆ ದಾರಿ ಸಿಕ್ಕಿದ್ದು ಛಂದಸ್ಸಿನಲ್ಲಿ. ಪ್ರಸ್ತಾರ ಹಾಕುವಾಗ ಸ್ವರವಿಲ್ಲದ ವ್ಯಂಜನವನ್ನು ನಾವು ಬೇರೆ ಎಣಿಸುವುದಿಲ್ಲ, ಹಿಂದಿನ ಅಕ್ಷರಕ್ಕೆ ಸೇರಿಸಿ ಗುರು ಹಾಕುತ್ತೇವೆ. ಹಾಗೇ ಮಾಡಿ ಎಂದೆ. ಓಲ್ಡ್, ಫ್ಯಾ, ಶನ್ಡ್: ಮೂರೇ. ಆದರೆ ಗುರು ಕಾಲದ ಲೆಕ್ಕ, ಇಂಗ್ಲಿಷಿನ ಸ್ಟ್ರೆಸ್ ಒತ್ತಿ ಹೇಳುವ ಬಲದ ಲೆಕ್ಕ. ಇದನ್ನು ಅಂದೇ ಹೇಳಿಬಿಡಬೇಕು, ಇಲ್ಲವಾದರೆ ಮಕ್ಕಳು ಗುರು ಕಂಡಲ್ಲೆಲ್ಲ ಒತ್ತುತ್ತಾರೆ.

ಕೊನೆಯ ‘ಇ-ಡಿ’ಗೆ ಒಂದು ನಿಯಮ ಸಾಕು. ಅದರ ಹಿಂದೆ ಟ್ ಅಥವಾ ಡ್ ಧ್ವನಿ ಇದ್ದರೆ ಅದೇ ಒಂದು ಸಿಲಬಲ್: ಶಾರ್ಟ್-ಸೈಟೆಡ್ ಮೂರು, ಓಪನ್-ಮೈಂಡೆಡ್ ನಾಲ್ಕು. ಇಲ್ಲದಿದ್ದರೆ ಹಿಂದಿನದರಲ್ಲೇ ಕರಗುತ್ತದೆ: ಬ್ಲೂ-ಐಡ್ ಎರಡೇ. ಫೋರ್-ಲೆಗ್ಡ್‌ನಂಥ ಪದವನ್ನು ಲೆಗ್ಡ್, ಲೆಗಿಡ್ ಎಂದು ಎರಡೂ ರೀತಿ ಹೇಳುವವರಿದ್ದಾರೆ.

ಸ್ಟ್ರೆಸ್ಸಿಗೆ ಹೆಚ್ಚು ದಿನ ಬೇಕಾಯಿತು. ನಮ್ಮ ಮಕ್ಕಳು ಯಾವ ಪದವನ್ನೂ ಮೊದಲ ಅಕ್ಷರ ಒತ್ತಿಯೇ ಶುರುಮಾಡುತ್ತಾರೆ. ಹೋಮ್‌ಸಿಕ್, ವಾಟರ್‌ಪ್ರೂಫ್, ಕಲರ್-ಬ್ಲೈಂಡ್‌ಗಳಿಗೆ ಅದು ಸರಿ. ಆದರೆ ಗುಣವಾಚಕ ಮೊದಲು ಬಂದು ‘ಇ-ಡಿ’ಯಲ್ಲಿ ಮುಗಿಯುವ ಬ್ಯಾಡ್-ಟೆಂಪರ್ಡ್, ಕೈಂಡ್-ಹಾರ್ಟೆಡ್, ಓಲ್ಡ್-ಫ್ಯಾಶನ್ಡ್‌ಗಳಲ್ಲಿ ಮುಖ್ಯ ಬಲ ಎರಡನೆಯ ಭಾಗಕ್ಕೆ. ಅದೂ ವಾಕ್ಯದ ಕೊನೆಯಲ್ಲಿ ನಿಂತಾಗ: ‘ದ ಡಾಗ್ ಈಸ್ ಬ್ಯಾಡ್-ˈಟೆಂಪರ್ಡ್’ (ˈ ಗೆರೆಯ ನಂತರದ ಸಿಲಬಲ್ಲಿಗೆ ಬಲ). ಮುಂದೆ ನಾಮಪದ ಬಂದರೆ ಬಲ ಹಿಂದಕ್ಕೆ ಜಾರುತ್ತದೆ: ‘ಎ ˈಬ್ಯಾಡ್-ಟೆಂಪರ್ಡ್ ˈಡಾಗ್’. ನಾಮಪದದ ಬಲಕ್ಕೆ ಇನ್ನೊಂದು ಬಲ ತೀರಾ ಹತ್ತಿರ ಬರುವುದನ್ನು ಇಂಗ್ಲಿಷಿನ ಲಯ ತಪ್ಪಿಸುತ್ತದೆ. ಈ ಜಾರುವಿಕೆ ನನಗೆ ಬಹಳ ಇಷ್ಟವಾದ ಸಂಗತಿ, ಪಾಠದ ಅರ್ಧ ಹೊತ್ತು ಅದಕ್ಕೇ ಕೊಡುತ್ತೇನೆ.

ನಮ್ಮ ಈ ಕುಂಬಳೆ ಸೀಮೆಯ ಮಕ್ಕಳ ಕಿವಿಯಲ್ಲಿ ಯಕ್ಷಗಾನದ ತಾಳ ಇದ್ದೇ ಇರುತ್ತದೆ. ಹಾಗಾಗಿ ನಾಯಿಯ ಆ ಎರಡು ಸಾಲುಗಳನ್ನೂ ಪದವಿಲ್ಲದೆ, ಡೆಸ್ಕಿನ ಮೇಲೆ ಬಲವಿರುವಲ್ಲಿ ಮಾತ್ರ ತಟ್ಟಿಸುತ್ತೇನೆ. ಪೆಟ್ಟು ಜಾಗ ಬದಲಾಯಿಸಿದ್ದು ಅವರಿಗೆ ಕೂಡಲೇ ಕೇಳಿಸುತ್ತದೆ. ಆಮೇಲೆ ಪದ ಸೇರಿಸಬೇಕು, ತಟ್ಟದ ಸಿಲಬಲ್ಲಿನ ಸ್ವರವನ್ನು ಅರ್ಧ ನುಂಗಬೇಕು. ‘ಟೆಂಪರ್ಡ್’ನ ಎರಡನೆಯ ಸ್ವರವನ್ನು ಕನ್ನಡದಂತೆ ಪೂರ್ತಿ ಉಚ್ಚರಿಸಿದರೆ ಮೊದಲನೆಯದರ ಬಲ ಕೇಳಿಸುವುದೇ ಇಲ್ಲ.

ಮೊದಲ ಭಾಗವೇ ನಾಮಪದವಾಗಿರುವ ಇಂಥ ಗುಣವಾಚಕಗಳಿಗೆ ಮಾತ್ರ ನಿಯಮ ಕೊಡುವುದಿಲ್ಲ. ಕಲರ್-ಬ್ಲೈಂಡ್‌ಗೆ ಬಲ ಮೊದಲ ಭಾಗದಲ್ಲಿ, ಡ್ಯೂಟಿ-ಫ್ರೀಗೆ ಕೊನೆಯಲ್ಲಿ. ಅಂಥವನ್ನು ನಿಘಂಟಿನಲ್ಲಿ ಬಲವಿರುವ ಸಿಲಬಲ್ಲಿಗೆ ಮೊದಲು ಮೇಲುಗಡೆ ಇರುವ ಆ ಗೆರೆ ನೋಡಿ ಬರೆದುಕೊಳ್ಳಲು ಹೇಳುತ್ತೇನೆ, ಒಂದೊಂದಕ್ಕೂ ಎರಡೆರಡು ವಾಕ್ಯದ ಜೊತೆ.