ಬೆಳಗಿನ ಪಾಳಿಗೆ ನಿದ್ದೆಯನ್ನು ಹೊಂದಿಸಿಕೊಳ್ಳುವ ಬಗೆ

ಧಾರವಾಡದ ಸಪ್ತಾಪುರದಲ್ಲಿ ಮನೆ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಕೆಲಸ ಇದ್ದವರಿಗೆ ಪಾಳಿ 9:30ರಿಂದ 7ಕ್ಕೆ ಬದಲಾಯಿತೆಂದು ಇಟ್ಟುಕೊಳ್ಳೋಣ. ಸುಮಾರು 20 ಕಿಲೋಮೀಟರ್ ದಾರಿ, ಬಸ್ಸಿಗೆ ಕಾಯುವುದು, ಸ್ನಾನ, ಡಬ್ಬಿ ಎಲ್ಲವನ್ನೂ ಸೇರಿಸಿ ಹಿಂದಕ್ಕೆ ಎಣಿಸುತ್ತ ಹೋದರೆ, ಇದುವರೆಗೆ 7ಕ್ಕೆ ಏಳುತ್ತಿದ್ದವರು ಇನ್ನು 4:45ಕ್ಕೆ ಏಳಬೇಕಾಗುತ್ತದೆ. ವಯಸ್ಕರಿಗೆ ಕನಿಷ್ಠ 7 ತಾಸು ನಿದ್ದೆ ಬೇಕು ಎಂಬುದು ವೈದ್ಯರ ಸಾಮಾನ್ಯ ಸಲಹೆಯಾದ್ದರಿಂದ, ರಾತ್ರಿ 9:45ರ ಹೊತ್ತಿಗೆ ನಿದ್ದೆ ಹತ್ತಿರಬೇಕು. ಈ ಲೆಕ್ಕವನ್ನು ಮೊದಲು ನಿಮ್ಮ ಹೊತ್ತಿಗೆ ತಕ್ಕಂತೆ ಒಂದು ಹಾಳೆಯ ಮೇಲೆ ಬರೆದುಕೊಳ್ಳಿ.

ಇಲ್ಲಿ ಹೆಚ್ಚಿನವರು ಮಾಡುವ ತಪ್ಪೆಂದರೆ, ಪಾಳಿ ಬದಲಾಗುವ ಹಿಂದಿನ ರಾತ್ರಿ 9ಕ್ಕೇ ದೀಪ ಆರಿಸಿ ಮಲಗಿಬಿಡುವುದು. ನಾನೂ ಹಾಗೆಯೇ ಮಾಡಿದ್ದೆ. ಪಕ್ಕದ ಮನೆಯ ಧಾರಾವಾಹಿಯ ಮಾತುಗಳನ್ನೆಲ್ಲ ಗೋಡೆಯಾಚೆಯಿಂದ ಕೇಳುತ್ತ 11:30ರವರೆಗೆ ಹೊರಳಾಡಿದ್ದಷ್ಟೇ ಲಾಭ. ರೂಢಿಯ ನಿದ್ದೆಯ ಹೊತ್ತಿಗೆ ಎರಡು ಮೂರು ತಾಸು ಮುಂಚೆ ನಮ್ಮ ದೇಹ ದಿನದಲ್ಲಿಯೇ ಅತಿ ಎಚ್ಚರವಾಗಿರುವ ಸ್ಥಿತಿಯಲ್ಲಿರುತ್ತದೆ. ನಿದ್ದೆಗೆ ಅಣಿಗೊಳಿಸುವ ಮೆಲಟೋನಿನ್ ಎಂಬ ಹಾರ್ಮೋನು ಏರತೊಡಗುವುದು ರೂಢಿಯ ಹೊತ್ತಿಗೆ ಸುಮಾರು ಎರಡು ತಾಸು ಇರುವಾಗ. ಮೇಲಾಗಿ ಮನುಷ್ಯನ ಒಳಗಡಿಯಾರದ ಸುತ್ತು ಬಹುತೇಕರಲ್ಲಿ 24 ತಾಸಿಗಿಂತ ತುಸು ಹೆಚ್ಚೇ ಇರುವುದರಿಂದ, ನಿದ್ದೆಯನ್ನು ಮುಂದೂಡುವುದು ಸುಲಭ, ಮುಂಚಿತಗೊಳಿಸುವುದು ಕಷ್ಟ. ಮಲಗುವುದು ನಮ್ಮ ಕೈಯಲ್ಲಿದ್ದರೂ ನಿದ್ದೆ ಬರುವುದು ನಮ್ಮ ಕೈಯಲ್ಲಿಲ್ಲ. ಏಳುವುದು ಮಾತ್ರ ಅಲಾರಂ ಇರುವವರೆಗೆ ನಮ್ಮ ಕೈಯಲ್ಲಿದೆ. ಆದ್ದರಿಂದ ಹೊಂದಾಣಿಕೆಯನ್ನು ಬೆಳಗಿನ ತುದಿಯಿಂದಲೇ ಆರಂಭಿಸಬೇಕು.

ಹೊಸ ಪಾಳಿಗೆ ಒಂಬತ್ತು ಹತ್ತು ದಿನ ಇರುವಾಗಲೇ ಅಲಾರಂ ಅನ್ನು ದಿನಕ್ಕೆ 15 ನಿಮಿಷದಂತೆ ಹಿಂದಕ್ಕೆ ತನ್ನಿ. 7ರಿಂದ 4:45ಕ್ಕೆ ಬರಲು 135 ನಿಮಿಷ, ಅಂದರೆ ಒಂಬತ್ತು ದಿನ ಸಾಕು. ರಾತ್ರಿ ಮಾತ್ರ ನಿದ್ದೆ ತೂಗತೊಡಗಿದ ಮೇಲೆಯೇ ಹಾಸಿಗೆಗೆ ಹೋಗಿ. ಎರಡು ಮೂರು ದಿನಗಳಲ್ಲಿ ಆ ಹೊತ್ತೂ ತಾನಾಗಿ ಹಿಂದಕ್ಕೆ ಸರಿಯತೊಡಗುತ್ತದೆ. ಶುಕ್ರವಾರ ಸಂಜೆ ನೋಟಿಸು ಹಚ್ಚಿ ಸೋಮವಾರದಿಂದಲೇ ಬನ್ನಿ ಎನ್ನುವ ಕಡೆ (ಅಂಥವೇ ಹೆಚ್ಚು) ಶನಿವಾರ, ರವಿವಾರ 40 ನಿಮಿಷದಂತೆ ಸರಿಸಿ, ಉಳಿದದ್ದು ಮೊದಲ ವಾರದಲ್ಲಿ ಸರಿಹೋಗುತ್ತದೆಂದು ಒಪ್ಪಿಕೊಳ್ಳಿ. ಆ ವಾರ ಬೈಕನ್ನು ಮನೆಯಲ್ಲಿಟ್ಟು ಬಸ್ಸಿನಲ್ಲಿಯೇ ಓಡಾಡುವುದು ಒಳ್ಳೆಯದು, ಏಕೆಂದರೆ ತೂಕಡಿಕೆಯಲ್ಲಿ ಗಾಡಿ ನಡೆಸುವುದು ಕುಡಿದು ನಡೆಸಿದಷ್ಟೇ ಅಪಾಯ.

ಎದ್ದ ಕೂಡಲೇ ಕಣ್ಣಿಗೆ ಬೆಳಕು ಬೀಳಬೇಕು. ಒಳಗಡಿಯಾರವನ್ನು ತಿದ್ದುವ ಮುಖ್ಯ ಸಾಧನ ಅದೇ. ಆದರೆ ಇದರಲ್ಲಿ ಒಂದು ಸೂಕ್ಷ್ಮವಿದೆ. ರೂಢಿಯಂತೆ ಏಳುವುದಕ್ಕೆ ಎರಡು ಮೂರು ತಾಸು ಮುಂಚೆ ದೇಹದ ಉಷ್ಣತೆ ಅತಿ ಕಡಿಮೆಯಾಗಿರುತ್ತದೆ. ಆ ಬಿಂದುವಿನ ನಂತರ ಬಿದ್ದ ಬೆಳಕು ಗಡಿಯಾರವನ್ನು ಮುಂಚಿತಗೊಳಿಸಿದರೆ, ಅದಕ್ಕಿಂತ ಮೊದಲು ಬಿದ್ದ ಬೆಳಕು ಇನ್ನಷ್ಟು ತಡ ಮಾಡುತ್ತದೆ. 7ಕ್ಕೆ ಏಳುವವರು ಮೊದಲ ದಿನವೇ 3:30ಕ್ಕೆ ಎದ್ದು ಟ್ಯೂಬ್‌ಲೈಟ್ ಹಾಕಿದರೆ ಉಲ್ಟಾ ಪರಿಣಾಮವಾಗುವುದು ಇದರಿಂದಲೇ. ನಮ್ಮ ಭಾಗ ಭಾರತೀಯ ಕಾಲಮಾನದ 82.5 ಡಿಗ್ರಿ ರೇಖಾಂಶದಿಂದ ಪಶ್ಚಿಮಕ್ಕಿರುವುದರಿಂದ ಸೂರ್ಯ ಗಡಿಯಾರಕ್ಕಿಂತ ಸುಮಾರು ಅರ್ಧ ತಾಸು ಹಿಂದೆ ಇರುತ್ತಾನೆ. ಮೇ ಕೊನೆಯಲ್ಲಿ ಹುಬ್ಬಳ್ಳಿಯ ಸೂರ್ಯೋದಯ 6ರ ಆಸುಪಾಸಿನಲ್ಲಿದ್ದರೆ ಜನವರಿಯಲ್ಲಿ 7ರ ಸುಮಾರಿಗೆ. ಹೀಗಾಗಿ ಚಳಿಗಾಲದಲ್ಲಿ ಎದ್ದಾಗ ಮನೆಯ ದೀಪಗಳನ್ನೆಲ್ಲ ಹಾಕಿಕೊಂಡು, ಕೆಲಸದ ನಡುವಿನ ಮೊದಲ ಬಿಡುವಿನಲ್ಲಿ ಹತ್ತು ನಿಮಿಷ ಬಯಲಿನಲ್ಲಿ ನಿಲ್ಲಬೇಕು.

ಸಂಜೆಯ ಚಹಾ ನಮ್ಮಲ್ಲಿ ದೊಡ್ಡ ಅಡ್ಡಿ. ಕುಡಿದ ಕೆಫೀನಿನ ಅರ್ಧ ಭಾಗ ಕರಗಲು ಸುಮಾರು 5 ತಾಸು ಬೇಕು. 5ಕ್ಕೆ ಗಿರಮಿಟ್ಟಿನ ಜೊತೆ ಕುಡಿದದ್ದರ ಅರ್ಧ 10ಕ್ಕೂ ಮೈಯಲ್ಲಿರುತ್ತದೆ. ಮಧ್ಯಾಹ್ನ 2ಕ್ಕೆ ಕೊನೆಯ ಚಹಾ ಮುಗಿಸಿ. ಯಾರದಾದರೂ ಮನೆಗೆ ಹೋದಾಗ "ಒಂದ್ ಗುಟುಕು ತಗೋರಿ" ಎಂಬ ಒತ್ತಾಯಕ್ಕೆ ಮಜ್ಜಿಗೆ ಕೇಳುವುದೇ ಮರ್ಯಾದೆಯ ಉಪಾಯ. ಊಟವನ್ನು 8ರೊಳಗೆ ತನ್ನಿ.

ಡಬ್ಬಿಯ ವಿಷಯವನ್ನು ಗಂಡಸರು ಮರೆಯುತ್ತಾರೆ. ನೀವು 4:45ಕ್ಕೆ ಏಳುವಿರೆಂದರೆ ರೊಟ್ಟಿ ಬಡಿಯಲು ಮನೆಯಾಕೆ 4ಕ್ಕೇ ಏಳಬೇಕು, ಮಲಗುವುದು ಮಾತ್ರ ಎಲ್ಲರಿಗಿಂತ ಕೊನೆಗೆ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಮೊಸರು ರಾತ್ರಿಯೇ ಕಟ್ಟಿಟ್ಟರೆ ಇಬ್ಬರ ನಿದ್ದೆಯೂ ಉಳಿಯುತ್ತದೆ. 24 ತಾಸೂ ನೀರು ಬಿಡುವ ವ್ಯವಸ್ಥೆ ಇಲ್ಲದ ವಾರ್ಡುಗಳಲ್ಲಿ ನಳದ ನೀರು ಅಪರಾತ್ರಿ ಬರುವುದುಂಟು. ಅಂಥ ರಾತ್ರಿಗಳ ಪಾಳಿಯನ್ನೂ ಮನೆಯವರೊಳಗೆ, ಆಗದಿದ್ದರೆ ನೆರೆಯವರೊಡನೆ ಹಂಚಿಕೊಳ್ಳಿ.

ಪಾಳಿ ಮುಗಿಸಿ 4:30ಕ್ಕೆ ಮನೆ ಮುಟ್ಟಿದಾಗ ಮಂಚ ಕರೆಯುತ್ತದೆ. ಆಗ ಎರಡು ತಾಸು ಮಲಗಿದರೆ ರಾತ್ರಿಯ ನಿದ್ದೆ ಹೋದಂತೆಯೇ. ಬರುವಾಗ ಬಸ್ಸಿನ ಕಿಟಕಿಗೆ ತಲೆಯಾನಿಸಿ 20 ನಿಮಿಷ ಕಣ್ಣು ಮುಚ್ಚಿದರೆ ಸಾಕಾಗುತ್ತದೆ. ರವಿವಾರವೂ ಒಂದು ತಾಸಿಗಿಂತ ಹೆಚ್ಚು ತಡವಾಗಿ ಏಳಬೇಡಿ. 8ರವರೆಗೆ ಮಲಗಿದವರಿಗೆ ಸೋಮವಾರ ಮತ್ತೆ ಮೊದಲ ದಿನವೇ.

ಮೂರು ನಾಲ್ಕು ವಾರ ಹೀಗೆ ಮಾಡಿಯೂ ನಿದ್ದೆ ಹತ್ತದಿದ್ದರೆ, ಅಥವಾ ಗೊರಕೆಯ ನಡುವೆ ಉಸಿರು ನಿಂತಂತಾಗುತ್ತದೆ ಎಂದು ಮನೆಯವರು ಹೇಳಿದರೆ, ಮಾತ್ರೆ ಅಂಗಡಿಗೆ ಹೋಗದೆ ವೈದ್ಯರನ್ನು ಕಾಣಿ. ಮುಂದೆ ಪಾಳಿ ಮತ್ತೆ 9:30ಕ್ಕೆ ಮರಳಿದಾಗ ಇಷ್ಟೆಲ್ಲ ಪಡಿಪಾಟಲು ಬೇಕಿಲ್ಲ. ತಡವಾಗುವುದು ದೇಹಕ್ಕೆ ಸುಲಭವಾದ್ದರಿಂದ ಮೂರು ನಾಲ್ಕು ದಿನಗಳಲ್ಲಿ ಅದು ತಾನೇ ಹಳೆಯ ಹೊತ್ತಿಗೆ ಬಂದಿರುತ್ತದೆ.