ಕನ್ಸೋಲ್ ಬಿಚ್ಚದೆಯೇ ಒಳಗಿನ ಚಿಪ್ ಹಳೆಯದೋ ಹೊಸದೋ ಎಂದು ತಿಳಿಯುವುದು ಹೇಗೆ?

ಸೆಕೆಂಡ್‌ಹ್ಯಾಂಡ್ ಗೇಮ್ ಕನ್ಸೋಲ್ ಕೊಳ್ಳುವಾಗ ನಾವು ಏನೇನು ನೋಡುತ್ತೇವೆ? ಮೈಮೇಲೆ ಗೀರು ಬಿದ್ದಿದೆಯಾ, ಕಂಟ್ರೋಲರ್ ಬಟನ್‌ಗಳು ಸರಿಯಿವೆಯಾ, ಸ್ಟೋರೇಜ್ ಎಷ್ಟಿದೆ. ಒಳಗಿರುವ ಚಿಪ್ ಯಾವ ಕಾಲದ್ದು ಅಂತ ಕೇಳುವವರು ಬಹಳ ಕಡಿಮೆ. ಆದರೆ ಕನ್ಸೋಲ್ ಎಷ್ಟು ಬಿಸಿಯಾಗುತ್ತದೆ, ಕರೆಂಟ್ ಎಷ್ಟು ಎಳೆಯುತ್ತದೆ, ಬ್ಯಾಟರಿ ಇದ್ದರೆ ಅದು ಎಷ್ಟು ಹೊತ್ತು ಬರುತ್ತದೆ ಎನ್ನುವುದೆಲ್ಲ ಹೆಚ್ಚಾಗಿ ಆ ಚಿಪ್ ಮೇಲೇ ನಿಂತಿದೆ. ಒಂದೇ ಹೆಸರು, ಒಂದೇ ಬಣ್ಣ, ಪಕ್ಕಪಕ್ಕ ಇಟ್ಟರೆ ಅವಳಿಗಳ ಹಾಗೆ ಕಾಣುವ ಎರಡು ಕನ್ಸೋಲ್‌ಗಳ ಒಳಗೆ ಬೇರೆ ಬೇರೆ ಚಿಪ್ ಇರಬಹುದು. ಕಂಪನಿಗಳು ಇದನ್ನು ಡಂಗುರ ಸಾರಿ ಹೇಳುವುದಿಲ್ಲ, ಸುಮ್ನೆ ಬದಲಿಸಿಬಿಡುತ್ತವೆ.

ಕೆಲವು ವರ್ಷಗಳ ಹಿಂದೆ ನಾನೂ ಹೊರಗಿನ ಅಂದ ನೋಡಿಯೇ ಒಂದನ್ನು ತಂದಿದ್ದೆ. ಬಾಕ್ಸ್ ಹೊಸದು, ಕನ್ಸೋಲ್ ಫಳಫಳ ಹೊಳೆಯುತ್ತಿತ್ತು. ಮೂರನೇ ದಿನ ದೂಳು ಒರೆಸಲು ತಿರುಗಿಸಿದಾಗ ಸ್ಟಿಕರ್ ಓದಿದೆ, ಅದು ಮೊದಲ ವರ್ಷದ ಮಾಡೆಲ್. ಬಾಕ್ಸ್ ಬೇರೆ ಯಾವುದೋ ಕನ್ಸೋಲಿನದು. ಅವತ್ತಿನಿಂದ ಕನ್ಸೋಲನ್ನು ಆನ್ ಮಾಡುವ ಮೊದಲು ತಿರುಗಿಸಿ ನೋಡುವುದು ನನ್ನ ನಿಯಮ.

ಮೊದಲು ಇದನ್ನು ಅರ್ಥ ಮಾಡಿಕೊಳ್ಳಿ

ಚಿಪ್ ಅಂದರೆ ಕೋಟಿಗಟ್ಟಲೆ ಸಣ್ಣ ಸಣ್ಣ ಸ್ವಿಚ್‌ಗಳ ಗುಂಪು. ತಯಾರಿಕೆಯ ವಿಧಾನ ಸುಧಾರಿಸಿದ ಹಾಗೆ ಅದೇ ಸ್ವಿಚ್‌ಗಳನ್ನು ಇನ್ನೂ ಚಿಕ್ಕದಾಗಿ ಮಾಡಬಹುದು. 90, 65, 45, 28, 16, 7 ನ್ಯಾನೊಮೀಟರ್ ಅಂತ ಓದಿರುತ್ತೀರಲ್ವಾ, ಅದು ಇದೇ ಲೆಕ್ಕ. (ಈಗೀಗ ಆ ಅಂಕಿ ನಿಜವಾದ ಅಳತೆಯಲ್ಲ, ತಯಾರಿಕೆಯ ವಿಧಾನಕ್ಕೆ ಇಟ್ಟ ಹೆಸರು ಅಷ್ಟೇ.) ಸ್ವಿಚ್ ಚಿಕ್ಕದಾದರೆ ಅದನ್ನು ತಿರುಗಿಸಲು ಕಡಿಮೆ ವೋಲ್ಟೇಜ್ ಸಾಕು. ಇಲ್ಲೇ ದೊಡ್ಡ ಲಾಭ ಇರುವುದು, ಏಕೆಂದರೆ ಸ್ವಿಚ್‌ಗಳು ಓಡುವಾಗ ತಿನ್ನುವ ವಿದ್ಯುತ್ತು ವೋಲ್ಟೇಜಿನ ವರ್ಗದಂತೆ (ಅದನ್ನು ಅದರಿಂದಲೇ ಗುಣಿಸಿದಂತೆ) ಏರುತ್ತದೆ, ಇಳಿಯುತ್ತದೆ. 1.2 ವೋಲ್ಟ್ ಬದಲು 1 ವೋಲ್ಟ್ ಸಾಕು ಎಂದಾದರೆ, ಬೇರೇನೂ ಬದಲಾಗದಿದ್ದರೂ, ಆ ಖರ್ಚಿನಲ್ಲಿ ಸುಮಾರು 30% ಉಳಿಯಿತು. ಉಳಿದ ಪ್ರತಿ ವ್ಯಾಟ್ ಅಂದರೆ ಹುಟ್ಟದೇ ಹೋದ ಬಿಸಿ.

ಮತ್ತೆ ವೇಗ? ಅದನ್ನು ಬಹುಮಟ್ಟಿಗೆ ಮುಟ್ಟುವುದಿಲ್ಲ. ಫೋನ್‌ನಲ್ಲಿ ಹೊಸ ಚಿಪ್ ಬಂದರೆ ವೇಗ ಜಾಸ್ತಿಯಾಗುತ್ತದೆ, ಕನ್ಸೋಲ್‌ನಲ್ಲಿ ಹಾಗಲ್ಲ, ಹಳೆಯ ಯಂತ್ರಕ್ಕೆಂದು ಬರೆದ ಆಟ ಹೊಸದರಲ್ಲೂ ಚಾಚೂ ತಪ್ಪದೆ ಹಾಗೇ ಓಡಬೇಕು. ಇದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ 2010ರ ಸ್ಲಿಮ್ ಎಕ್ಸ್‌ಬಾಕ್ಸ್ 360. ಅದರಲ್ಲಿ ಸಿಪಿಯು (ಮುಖ್ಯ ಲೆಕ್ಕಾಚಾರದ ಚಿಪ್), ಜಿಪಿಯು (ಚಿತ್ರ ಮೂಡಿಸುವ ಚಿಪ್) ಎರಡನ್ನೂ ಸೇರಿಸಿ 45 ನ್ಯಾನೊಮೀಟರ್‌ನ ಒಂದೇ ಚಿಪ್ ಮಾಡಿದರು. ಎರಡೂ ಪಕ್ಕಪಕ್ಕ ಬಂದದ್ದರಿಂದ ಅವುಗಳ ಮಾತುಕತೆ ಮೊದಲಿಗಿಂತ ಬೇಗ ಮುಗಿಯುತ್ತಿತ್ತು. ಎಂಜಿನಿಯರ್‌ಗಳು ಬೇಕೆಂದೇ ನಡುವೆ ಒಂದು ಸರ್ಕ್ಯೂಟ್ ಇಟ್ಟು, ಹಳೆಯ ಕನ್ಸೋಲ್‌ನಲ್ಲಿ ಎಷ್ಟು ತಡವಾಗುತ್ತಿತ್ತೋ ಅಷ್ಟೇ ತಡವಾಗುವಂತೆ ಮಾಡಿದರು. ಅಷ್ಟಾದರೂ 2005ರ ಚಿಪ್‌ಗಳಿಗೆ ಹೋಲಿಸಿದರೆ ವಿದ್ಯುತ್ ಬಳಕೆ ಅರ್ಧಕ್ಕಿಂತ ಕೆಳಗಿಳಿಯಿತು.

ಹೆಜ್ಜೆ 1: ಕನ್ಸೋಲ್ ತಿರುಗಿಸಿ, ಸ್ಟಿಕರ್ ಓದಿ

ಹಿಂದೆ ಅಥವಾ ಅಡಿಯಲ್ಲಿ ಒಂದು ಸ್ಟಿಕರ್ ಇರುತ್ತದೆ. ಅಕ್ಷರ ತೀರಾ ಚಿಕ್ಕದು, ಕಪ್ಪು ಮೈಮೇಲೆ ಬೂದು ಬಣ್ಣದಲ್ಲಿದ್ದರಂತೂ ಕಾಣುವುದೇ ಇಲ್ಲ. ಫೋನ್ ಟಾರ್ಚ್ ಅನ್ನು ಓರೆಯಾಗಿ ಹಿಡಿದು ಒಂದು ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ಆನ್‌ಲೈನ್‌ನಲ್ಲಿ ಕೊಳ್ಳುತ್ತಿದ್ದರೆ ಮಾರುವವರಿಂದ ಈ ಫೋಟೊ ಕೇಳಿ ತರಿಸಿಕೊಳ್ಳಿ. ಬಾಕ್ಸಿನ ಫೋಟೊ ಸಾಲದು.

ಪ್ಲೇಸ್ಟೇಷನ್ 5 ಆದರೆ ಮಾಡೆಲ್ ನಂಬರ್ ಸಿಎಫ್‌ಐ ಎಂದು ಶುರುವಾಗುತ್ತದೆ. ಆಮೇಲಿನ ಮೊದಲ ಎರಡು ಅಂಕಿ ನೋಡಿ. 10 ಇದ್ದರೆ 2020ರ ಮೊದಲ ಮಾಡೆಲ್, 7 ನ್ಯಾನೊಮೀಟರ್ ಚಿಪ್. 11 ಇದ್ದರೂ ಚಿಪ್ ಅದೇ, ಹೀಟ್‌ಸಿಂಕ್ (ಚಿಪ್‌ನ ಬಿಸಿ ಹೀರಿಕೊಳ್ಳುವ ಲೋಹದ ಭಾಗ) ಮಾತ್ರ ಹಗುರ. 12 ಇದ್ದರೆ 2022ರಲ್ಲಿ ಬಂದದ್ದು, ಚಿಪ್ 6 ನ್ಯಾನೊಮೀಟರ್. ಹೊರಗಿನ ಆಕಾರ ಮೂರರಲ್ಲೂ ಒಂದೇ! ಕೈಯಲ್ಲಿ ಎತ್ತಿದರೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ: ಡಿಸ್ಕ್ ಇರುವ ಮೊದಲ ಮಾಡೆಲ್ 4.5 ಕೆ.ಜಿ., 12ರದ್ದು 3.9 ಕೆ.ಜಿ. ಉಳಿದ ಎರಡು ಅಂಕಿ ಯಾವ ಪ್ರದೇಶಕ್ಕೆ ಮಾಡಿದ್ದು ಎಂದು ಹೇಳುತ್ತವೆ, ಚಿಪ್‌ಗೂ ಅದಕ್ಕೂ ಸಂಬಂಧ ಇಲ್ಲ.

ಪ್ಲೇಸ್ಟೇಷನ್ 4ರಲ್ಲಿ ಇದು ಇನ್ನೂ ಸುಲಭ. ಸಿಯುಎಚ್-1000, 1100, 1200 ಎಲ್ಲವೂ 28 ನ್ಯಾನೊಮೀಟರ್. ಸಿಯುಎಚ್-2000 ಅಂದರೆ 2016ರ ಸ್ಲಿಮ್, 16 ನ್ಯಾನೊಮೀಟರ್. ಎಕ್ಸ್‌ಬಾಕ್ಸ್ ಒನ್‌ನಲ್ಲೂ ಅದೇ ವರ್ಷ ಅದೇ ಜಿಗಿತ: ಹಳೆಯದು 28, ಒನ್ ಎಸ್ 16. ಮೊದಲು ಹೊರಗೆ ಇಟ್ಟಿಗೆಯ ಹಾಗೆ ಬಿದ್ದಿರುತ್ತಿದ್ದ ಪವರ್ ಸಪ್ಲೈ ಒನ್ ಎಸ್‌ನಲ್ಲಿ ಡಬ್ಬಿಯ ಒಳಗೇ ಸೇರಿಕೊಂಡಿತು, ಡಬ್ಬಿಯೂ ಚಿಕ್ಕದಾಯಿತು.

ನಿಂಟೆಂಡೊ ಸ್ವಿಚ್ ಕೊಳ್ಳುವವರಂತೂ ಈ ಹೆಜ್ಜೆ ತಪ್ಪಿಸಲೇಬಾರದು. 2017ರ ಮೊದಲ ಸ್ವಿಚ್‌ನಲ್ಲಿ 20 ನ್ಯಾನೊಮೀಟರ್ ಚಿಪ್, 2019ರಲ್ಲಿ ಬಂದದ್ದರಲ್ಲಿ 16. ಎರಡರಲ್ಲೂ ಬ್ಯಾಟರಿ ಅದೇ 4310 ಎಂಎಎಚ್. ಆದರೂ ‘ಬ್ರೆತ್ ಆಫ್ ದಿ ವೈಲ್ಡ್’ ಆಟವನ್ನು ಹಳೆಯದರಲ್ಲಿ ಸುಮಾರು 3 ಗಂಟೆ, ಹೊಸದರಲ್ಲಿ ಸುಮಾರು 5.5 ಗಂಟೆ ಆಡಬಹುದು ಎಂದು ಕಂಪನಿಯೇ ಹೇಳಿದೆ. ಅದೇ ಪರದೆ ಗಾತ್ರ, ಅದೇ ಬ್ಯಾಟರಿ, ಎರಡೂವರೆ ಗಂಟೆ ಜಾಸ್ತಿ ಆಟ! ಚಿಪ್ ಬದಲಾದರೆ ಏನು ಸಿಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಂಡಿಲ್ಲ. ಗುರುತಿಸಲು ಚಾರ್ಜಿಂಗ್ ಪೋರ್ಟ್ ಪಕ್ಕದ ಸೀರಿಯಲ್ ನಂಬರ್ ನೋಡಿ: ಎಕ್ಸ್‌ಎಡಬ್ಲ್ಯು ಎಂದು ಶುರುವಾದರೆ ಹಳೆಯದು, ಎಕ್ಸ್‌ಕೆಡಬ್ಲ್ಯು ಎಂದಿದ್ದರೆ ಹೊಸದು.

ಹೆಜ್ಜೆ 2: ವ್ಯಾಟ್, ಆಂಪಿಯರ್ ನೋಡಿ

ಮಾಡೆಲ್ ನಂಬರ್ ಅಳಿಸಿಹೋಗಿದ್ದರೆ, ಅಥವಾ ಅದರಿಂದ ಏನೂ ತಿಳಿಯದಿದ್ದರೆ, ಸ್ಟಿಕರ್ ಮೇಲಿನ ವಿದ್ಯುತ್ತಿನ ಅಂಕಿ ಕೈಹಿಡಿಯುತ್ತದೆ. ಸಿಯುಎಚ್-1000ದ ಮೇಲೆ 250 ವ್ಯಾಟ್, 1200ರ ಮೇಲೆ 230, 2000ದ ಮೇಲೆ 165. ಇದು ಗರಿಷ್ಠ ಮಿತಿ, ದಿನವೂ ಅಷ್ಟೇ ಎಳೆಯುತ್ತದೆ ಅಂತಲ್ಲ.

ಹಳೆಯ ಎಕ್ಸ್‌ಬಾಕ್ಸ್ 360 ಹುಡುಕುವವರಿಗೆ ಈ ಹೆಜ್ಜೆಯೇ ಪ್ರಾಣ. ಸ್ಲಿಮ್ ಬರುವುದಕ್ಕೆ ಮುಂಚಿನವು ಹೊರಗಿನಿಂದ ಹೆಚ್ಚುಕಡಿಮೆ ಒಂದೇ ಥರ. ಹಿಂಬದಿಯ ಸ್ಟಿಕರ್‌ನಲ್ಲಿ 12 ವೋಲ್ಟ್ ಪಕ್ಕದ ಆಂಪಿಯರ್ ಓದಿ. 16.5 ಇದ್ದರೆ ಎರಡೂ ಚಿಪ್ 90 ನ್ಯಾನೊಮೀಟರ್‌ನವು. 14.2 ಇದ್ದರೆ ಸಿಪಿಯು 65ಕ್ಕೆ ಇಳಿದಿದೆ. 12.1 ಇದ್ದರೆ ಜಿಪಿಯು ಕೂಡ 65. ಗುಣಿಸಿ ನೋಡಿ: 198 ವ್ಯಾಟ್‌ನಿಂದ 145ಕ್ಕೆ ಬಂದಿದೆ. ಆದರೆ ಒಂದು ಎಚ್ಚರ, ಈ ಅಂಕಿಯನ್ನು ಕನ್ಸೋಲ್ ಮೇಲೇ ಓದಬೇಕು, ಅಡಾಪ್ಟರ್ ಮೇಲಲ್ಲ, ಏಕೆಂದರೆ ಹಳೆಯ ದೊಡ್ಡ ಅಡಾಪ್ಟರ್ ಈ ಹೊಸ ಕನ್ಸೋಲ್‌ಗಳಿಗೂ ಕೂರುತ್ತದೆ, ಹೊಸ ಚಿಕ್ಕದು ಮಾತ್ರ ಹಳೆಯದಕ್ಕೆ ಕೂರದು.

360ರಲ್ಲಿ ಇಷ್ಟು ಹುಡುಕಾಟ ಯಾಕೆ? ಅದರ ಮೊದಲ ಮಾಡೆಲ್‌ಗಳಲ್ಲಿ ಕಾದು ತಣ್ಣಗಾಗಿ, ಮತ್ತೆ ಕಾದು ತಣ್ಣಗಾಗಿ, ಚಿಪ್‌ನ ಸಣ್ಣ ಸಂಪರ್ಕಗಳು ಬಿಟ್ಟುಹೋಗುತ್ತಿದ್ದವು. ಮುಂದೆ ಮೂರು ಕೆಂಪು ದೀಪ ಹತ್ತಿದರೆ ಮುಗಿಯಿತು. 2007ರ ಜುಲೈನಲ್ಲಿ ಮೈಕ್ರೋಸಾಫ್ಟ್ ಈ ದೋಷಕ್ಕೆ ವಾರಂಟಿಯನ್ನು 3 ವರ್ಷಕ್ಕೆ ಏರಿಸಿತು, ಅದಕ್ಕೆಂದು ತೆಗೆದಿರಿಸಿದ ಹಣ 100 ಕೋಟಿ ಡಾಲರ್‌ಗಿಂತ ಜಾಸ್ತಿ.

ಹೆಜ್ಜೆ 3: ‘ಸ್ಲಿಮ್’ ಎಂಬ ಹೆಸರಿಗೆ ಮರುಳಾಗಬೇಡಿ

ಡಬ್ಬಿ ಚಿಕ್ಕದಾದಾಗಲೆಲ್ಲ ಚಿಪ್ ಹೊಸದಾಗಿರಬೇಕೆಂದಿಲ್ಲ. 2023ರ ಚಿಕ್ಕ ಪ್ಲೇಸ್ಟೇಷನ್ 5ರಲ್ಲೂ ಇರುವುದು ಅದೇ 6 ನ್ಯಾನೊಮೀಟರ್ ಚಿಪ್. ಅಂದರೆ ಬರೀ ಬಿಸಿಯ ವಿಚಾರವಾದರೆ ಸಿಎಫ್‌ಐ-12 ಸಿಕ್ಕಿದರೂ ನಿಮಗೆ ನಷ್ಟವಿಲ್ಲ.

ಇನ್ನೊಂದು ವಿಷಯ. ಚಿಪ್ ತಂಪಾಯಿತು ಅಂತ ಕಂಪನಿಗಳು ಹೀಟ್‌ಸಿಂಕನ್ನೂ ಸಣ್ಣದು ಮಾಡುತ್ತವೆ, ಹಾಗೆ ಖರ್ಚು ಉಳಿಸುತ್ತವೆ. ಆದ್ದರಿಂದ ಸದ್ದು ಯಾವಾಗಲೂ ಕಡಿಮೆಯಾಗುತ್ತದೆ ಎಂದು ಭರವಸೆ ಕೊಡಲಾರೆ. ಕರೆಂಟ್ ಮಾತ್ರ ಖಂಡಿತ ಉಳಿಯುತ್ತದೆ.

ಹೆಜ್ಜೆ 4: ಸಾಧ್ಯವಾದರೆ ಅಳೆದು ನೋಡಿ

ಪ್ಲಗ್ ಮತ್ತು ಗೋಡೆಯ ಸಾಕೆಟ್ ನಡುವೆ ಸಿಕ್ಕಿಸುವ ಪವರ್ ಮೀಟರ್ ಇದ್ದರೆ ಅದಕ್ಕಿಂತ ನೇರವಾದ ಪರೀಕ್ಷೆ ಇಲ್ಲ. ಮೆನುವಿನಲ್ಲಿ ಅಳೆಯಬೇಡಿ, ಅಲ್ಲಿ ಚಿಪ್‌ಗೆ ಕೆಲಸವೇ ಇರುವುದಿಲ್ಲ. ಗ್ರಾಫಿಕ್ಸ್ ಭಾರ ಇರುವ ಒಂದೇ ಆಟ, ಒಂದೇ ಜಾಗ, ಹತ್ತು ನಿಮಿಷ ಬಿಟ್ಟು ಅಂಕಿ ಬರೆದುಕೊಳ್ಳಿ. ಎರಡು ಕನ್ಸೋಲ್ ಹೋಲಿಸುವುದಾದರೆ ಎರಡರಲ್ಲೂ ಆಟದ ಸೆಟ್ಟಿಂಗ್ ಒಂದೇ ಇರಲಿ.

ಹೆಜ್ಜೆ 5: ಹಣ ಕೊಡುವ ಮೊದಲು ಅರ್ಧ ಗಂಟೆ ಆಡಿ

ಚಿಪ್ ಹೊಸದಾದರೂ ದೂಳು ತುಂಬಿದ್ದರೆ ಪ್ರಯೋಜನವಿಲ್ಲ. ಚಿಪ್ ಚಿಕ್ಕದಾದಷ್ಟೂ ಅದರ ಬಿಸಿ ಚಿಕ್ಕ ಜಾಗದಿಂದಲೇ ಹೊರಬರಬೇಕು, ಹಾಗಾಗಿ ಗಾಳಿಯ ದಾರಿ ತೆರೆದಿರಲೇಬೇಕು. ಅರ್ಧ ಗಂಟೆ ಆಡಿಸಿ, ಗಾಳಿ ಹೊರಗೆ ಬರುವ ಕಡೆ ಅಂಗೈ ಹಿಡಿಯಿರಿ. ಬಿಸಿಗಾಳಿ ಜೋರಾಗಿ ಬರುತ್ತಿದ್ದರೆ ಒಳ್ಳೆಯದೇ, ಬಿಸಿ ಹೊರಗೆ ಹೋಗುತ್ತಿದೆ ಎಂದರ್ಥ. ಮೈ ಕಾದಿದೆ, ಫ್ಯಾನ್ ಕಿರುಚುತ್ತಿದೆ, ಗಾಳಿ ಮಾತ್ರ ಹೊರಗೆ ಬರುತ್ತಿಲ್ಲ ಎಂದರೆ ಮಾಡೆಲ್ ನಂಬರ್ ಎಷ್ಟೇ ಹೊಸದಿರಲಿ, ಆ ಕನ್ಸೋಲನ್ನು ಅಲ್ಲೇ ಬಿಟ್ಟು ಬನ್ನಿ.