ಶುಗರ್ ಪುಸ್ತಕದಲ್ಲೇ ಕೆಮ್ಮಿನ ಲೆಕ್ಕ

ಮಲ್ಪೆ ಬಂದರಿನ ಹತ್ತಿರ ನನ್ನದೊಂದು ಸಣ್ಣ ಕ್ಲಿನಿಕ್. ಬೋಟಿಗೆ ಹೋಗುವವರು, ಮೀನು ಮಾರುವ ಹೆಂಗಸರು, ಬೀಡಿ ಕಟ್ಟುವವರೇ ಜಾಸ್ತಿ ಬರುವುದು. ಅವರಲ್ಲಿ ಶುಗರ್ ಮಾತ್ರೆ ತಿನ್ನುವವರಿಗೇನೂ ಕಮ್ಮಿ ಇಲ್ಲ. ಇವರಿಗೆ ಟಿಬಿ ಬಂದರೆ ಗೊತ್ತಾಗುವುದು ತಡ. ತೂಕ ಇಳಿಯಿತು, ಸುಸ್ತು ಅಂದರೆ ಮನೆಯವರದ್ದು ಒಂದೇ ಮಾತು: "ಶುಗರ್ ಉಂಟಲ್ವಾ, ಸಪೂರ ಆಗ್ತಾರೆ." ಕೆಮ್ಮಿಗೂ ಮಳೆಗಾಲದ ಥಂಡಿಯೋ ಬೀಡಿ ಧೂಳೋ, ಒಂದು ಕಾರಣ ಸಿಕ್ಕೇ ಸಿಗುತ್ತದೆ.

ಶುಗರ್ ಇರುವವರಿಗೆ ಟಿಬಿ ಬರುವ ಸಾಧ್ಯತೆ ಉಳಿದವರಿಗಿಂತ ಎರಡು-ಮೂರು ಪಟ್ಟು ಜಾಸ್ತಿ. ಸಕ್ಕರೆ ಏರಿಯೇ ಇದ್ದರೆ ಬಿಳಿ ರಕ್ತಕಣಗಳ ಕಸುವು ಕುಗ್ಗುತ್ತದೆ, ವರ್ಷಗಟ್ಟಲೆ ಶ್ವಾಸಕೋಶದಲ್ಲಿ ಸುಮ್ನೆ ಇದ್ದ ಕ್ರಿಮಿ ತಲೆ ಎತ್ತುತ್ತದೆ. ಹಾಗಾಗಿ ಶುಗರ್ ಪುಸ್ತಕದಲ್ಲೇ ಕೆಮ್ಮು, ಜ್ವರ, ತೂಕ, ರಾತ್ರಿ ಬೆವರು ಬರೆದಿಡಲು ಶುರು ಮಾಡಿದೆ. ಕೆಮ್ಮು ಎರಡು ವಾರ ದಾಟಿದರೆ ಎಕ್ಸ್‌ರೇ, ಜೊತೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ. ಟಿಬಿ ಸಾಮಾನ್ಯವಾಗಿ ಶ್ವಾಸಕೋಶದ ಮೇಲ್ಭಾಗದಲ್ಲಿ ಕಾಣುತ್ತದೆ. ಶುಗರ್ ಇರುವವರಲ್ಲಿ ಕೆಳಭಾಗದಲ್ಲೂ ಇರಬಹುದು, ನ್ಯುಮೋನಿಯಾ ಅಂತ ಅನಿಸಿಬಿಡುತ್ತದೆ.

ಟಿಬಿ ಅಂತ ಗೊತ್ತಾದ ಎಲ್ಲರಿಗೂ ಶುಗರ್ ನೋಡುತ್ತೇನೆ. ಆದರೆ ಸೋಂಕಿನ ಕಾಟಕ್ಕೇ ಸಕ್ಕರೆ ಏರುವುದುಂಟು. ಮೊದಲ ರಿಪೋರ್ಟ್ ನೋಡಿದ ಕೂಡಲೇ ಇದು ಜೀವನಪೂರ್ತಿ ಅಂತ ಹೇಳಲು ಹೋಗುವುದಿಲ್ಲ. ಕೆಲವು ತಿಂಗಳು ಕಳೆದು ಮತ್ತೊಮ್ಮೆ ನೋಡುತ್ತೇನೆ.

ನಿಜವಾದ ತಲೆನೋವು ಟಿಬಿ ಮಾತ್ರೆ ಶುರುವಾದ ಮೇಲೆ. ಒಬ್ಬರು ಬೋಟಿನ ತಾಂಡೇಲ, ಅಂದರೆ ಬೋಟ್ ನಡೆಸುವವರು, ಗ್ಲಿಮೆಪಿರೈಡ್ ಅನ್ನುವ ಶುಗರ್ ಮಾತ್ರೆಯಲ್ಲಿ ಶುಗರ್ ಹತೋಟಿಯಲ್ಲೇ ಇತ್ತು. ಟಿಬಿ ಮಾತ್ರೆ ತಿನ್ನುತ್ತಿದ್ದ ಹಾಗೆ 300 ದಾಟಿತು. "ಡಾಕ್ಟ್ರೇ, ನಿಮ್ಮ ಮಾತ್ರೆಯಿಂದಲೇ ಆದದ್ದು, ನಾನು ಬಿಡ್ತೇನೆ" ಅಂದರು. ಅವರ ಮಾತು ಅರ್ಧ ಸರಿಯೇ. ಟಿಬಿ ಔಷಧಿಗಳಲ್ಲೊಂದಾದ ರಿಫಾಂಪಿಸಿನ್ ಇದ್ದಾಗ ಲಿವರ್ ಗ್ಲಿಮೆಪಿರೈಡನ್ನು ಬೇಗ ಬೇಗ ಕರಗಿಸಿ ಹೊರಹಾಕುತ್ತದೆ. ಹಾಗಂತ ಟಿಬಿ ಮಾತ್ರೆ ಬಿಡುವ ಪ್ರಶ್ನೆಯೇ ಇಲ್ಲ, ಶುಗರ್ ಔಷಧಿಯನ್ನೇ ಬದಲಿಸಬೇಕು. ಅವರಿಗೆ ಇನ್ಸುಲಿನ್ ಶುರು ಮಾಡಿದೆ.

ಅವರ ಪುಣ್ಯಕ್ಕೆ ಅದು ಮೀನುಗಾರಿಕೆ ನಿಷೇಧದ ಸಮಯ, ಜೂನ್ 1ರಿಂದ ಜುಲೈ 31. ಟಿಬಿಗೆ ನಾಲ್ಕು ಔಷಧಿ ತಿನ್ನಬೇಕಾದ ಮೊದಲ ಎರಡು ತಿಂಗಳು ದಡದಲ್ಲೇ ಕಳೆಯಿತು. ಕಫದಲ್ಲಿ ಕ್ರಿಮಿ ಇಲ್ಲ ಅಂತ ಬಂದ ಮೇಲೆ ಆಗಸ್ಟ್‌ನಲ್ಲಿ ಬೋಟ್ ಹತ್ತಿದರು. ಹೋಗುವ ಮುಂಚೆ ಇನ್ಸುಲಿನ್ ಎಲ್ಲಿ ಇಡ್ತೀರಿ ಅಂತ ಕೇಳಿದೆ. "ಮೀನಿನ ಐಸ್ ಉಂಟಲ್ವಾ, ಅದರಲ್ಲೇ" ಅಂದರು! ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಉಪಯೋಗಕ್ಕಿಲ್ಲ. ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ನೀರು ತುಂಬಿದ ಮಣ್ಣಿನ ಪಾತ್ರೆಯೊಳಗೆ ಇಡಿ, ಬಿಸಿಲು ತಾಗದಂತೆ ನೋಡಿಕೊಳ್ಳಿ ಅಂದೆ. ಹಾಗೆಯೇ ಮಾಡಿದರು. ಅವರ ಜೊತೆ ಒಂದೇ ಕ್ಯಾಬಿನ್‌ನಲ್ಲಿ ಮಲಗುವವರನ್ನೂ ಪರೀಕ್ಷೆಗೆ ಕರೆಸಿದ್ದೆ.

ಊಟದ ವಿಷಯದಲ್ಲಿ ಮನೆಯವರಿಗೆ ಗೊಂದಲ ಜಾಸ್ತಿ. ಟಿಬಿಗೆ ಚೆನ್ನಾಗಿ ತಿನ್ನಬೇಕು, ಶುಗರ್‌ಗೆ ಕಮ್ಮಿ ತಿನ್ನಬೇಕು ಅಂತ ಲೆಕ್ಕ. ಪ್ರೀತಿಯಿಂದ ಬೆಲ್ಲ ಹಾಕಿದ ರಾಗಿ ಮಣ್ಣಿ ಮಾಡಿಕೊಡುತ್ತಾರೆ. ಅದು ಬೇಡ. ಕುಚ್ಚಲಕ್ಕಿ ಗಂಜಿ ಒಂದು ಅಳತೆಯಲ್ಲಿ ಸಾಕು, ಬೂತಾಯಿ, ಬಂಗುಡೆ, ಮೊಟ್ಟೆ, ಹೆಸರುಕಾಳು ಜಾಸ್ತಿ ಇರಲಿ ಅನ್ನುತ್ತೇನೆ. ಟಿಬಿ ಇರುವವರ ಊಟಕ್ಕೆಂದು ಸರ್ಕಾರ ದುಡ್ಡು ಕೊಡುವ ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2024ರ ನವೆಂಬರ್‌ನಿಂದ ತಿಂಗಳಿಗೆ 1000 ರೂಪಾಯಿ ಸಿಗುತ್ತದೆ, ಅದು ಮೀನಿಗೆ ಮೊಟ್ಟೆಗೇ ಹೋಗಲಿ.

ಪಾದ ಜುಂ ಅನ್ನುವುದು ಶುಗರ್‌ನಿಂದಲೂ ಬರುತ್ತದೆ, ಐಸೋನಿಯಾಜಿಡ್ ಅನ್ನುವ ಟಿಬಿ ಔಷಧಿಯಿಂದಲೂ ಬರುತ್ತದೆ. ಅದಕ್ಕೇ ಎರಡೂ ಕಾಯಿಲೆ ಇರುವವರಿಗೆ ಬಿ6 ಮಾತ್ರೆ ತಪ್ಪಿಸುವುದಿಲ್ಲ.

ಆರು ತಿಂಗಳ ಕೋರ್ಸ್ ಮುಗಿದರೂ ನನ್ನ ಕೆಲಸ ಮುಗಿಯುವುದಿಲ್ಲ. ರಿಫಾಂಪಿಸಿನ್ ನಿಂತು ಒಂದೆರಡು ವಾರದಲ್ಲಿ ಲಿವರ್ ಮೊದಲಿನಂತಾಗುತ್ತದೆ, ಆಗ ಅದೇ ಶುಗರ್ ಡೋಸ್ ಜಾಸ್ತಿಯಾಗಿ ಸಕ್ಕರೆ ದಿಢೀರ್ ಇಳಿಯಬಹುದು. ಬೆವರು, ನಡುಕ, ಕಣ್ಣು ಮಂಜು ಕಂಡರೆ ಕೂಡಲೇ ಸಕ್ಕರೆ ನೀರು ಕುಡಿದು ಫೋನ್ ಮಾಡಿ ಅಂತ ಹೇಳಿಯೇ ಕಳಿಸುತ್ತೇನೆ. ತಾಂಡೇಲರನ್ನು ಆ ಎರಡು ವಾರ ಕಡಲಿಗೆ ಬಿಡಲಿಲ್ಲ. ಇನ್ಸುಲಿನ್ ಇಳಿಸುತ್ತಾ ಬಂದು, ಮತ್ತೆ ಮಾತ್ರೆಗೆ ತಂದ ಮೇಲೆಯೇ ಬೋಟ್ ಹತ್ತಿಸಿದ್ದು.